ಎಡಗೈಯ ಬನ್ನಿ

ದಸರಾದ ಸಂಜಿ. ಗಜೇಂದ್ರಗಡದ ಓಣಿಯೊಳಗ ಎಲ್ಲಾರೂ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಅನ್ಕೋತ ಕಾಲಿಗೆ ಬೀಳೂ ಗದ್ದಲದಾಗ ಇದ್ರು. ಅಂಥಾ ಹೊತ್ತಿನ್ಯಾಗ ಕಳಕೇಶ ತನ್ನ ಹೆಂಡ್ತಿ ಸುವರ್ಣಾಗ ಎಡಗೈಲೆ ಬನ್ನಿ ಚಾಚಿದ. ಅಯ್ಯ ಶಿವನ! ಎಡಗೈಲೆ ಯಾರರ ಬನ್ನಿ ಕೊಡ್ತಾರ? ಬಾಜೂ ಮನಿ ಮಹಾಲಿಂಗಪ್ಪ ಕಾಕಾ ಒಮ್ಮೆ ಕೆಮ್ಮಿ ಮಾರಿ ಆ ಕಡೆ ಹೊಳ್ಳಿಸಿದ. ಸುವರ್ಣಾಗ ನಾಕು ಮಂದಿ ಮುಂದ ಕಪಾಳಕ್ಕ ಹೊಡದಂಗಾತು. ಬನ್ನಿ ತಗೊಳ್ಳಲಾರದನ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಳು.

ಖರೇ ಹೇಳಬೇಕಂದ್ರ ಆಕಿ ಮುಂಜಾನಿಂದ ಆ ಹೊತ್ತಿಗೇ ಕಾದಿದ್ಳು. ಬನ್ನಿ ಯಾರಿಗೆ ಬೇಕಾಗಿತ್ತು? ಬನ್ನಿ ನೆವದಾಗರ ಗಂಡನ ಕೈ ತಾಕಲಿ ಅಂತ ಆಸೆ. ಅಂವ ಆಕಿನ್ನ ಮುಟ್ಟಿ ನಾಕು ವರ್ಷ ಆಗಿತ್ತು.

ನಾಕು ವರ್ಷದ ಹಿಂದ ಹೊಳೆಮಣ್ಣೂರಾಗ ಮಲಪ್ರಭಾ ಹೊಳಿ ಊರೊಳಗ ಹೊಕ್ಕಾಗ ಅತ್ತಿ ಸಿದ್ದವ್ವ ನೀರುಪಾಲಾದ್ಳು. ಅವ್ವನ ಕೈ ಜಾರಿತು ಅಂತ ಕಳಕೇಶ ಒಮ್ಮೆ ಹೇಳಿದ. ಮುಂದ ಆ ಮಾತು ಎತ್ತಲಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ್ರು. ಮಳಿ ಹನಿ ಬಿದ್ರ ಸಾಕು, ಅವನ ಬಲಗೈ ಜೋಮು ಹಿಡೀತಿತ್ತು. ಚಾದ ಕಪ್ಪು ಸೈತ ನಿಲ್ಲತಿರಲಿಲ್ಲ. ನರಗುಂದದ ದವಾಖಾನಿ ಆತು, ರೋಣದ್ದಾತು. "ಕೈಗೇನೂ ಆಗಿಲ್ರಿ. ಮನಸ್ಸಿಗೆ ಪೆಟ್ಟು ಬಿದ್ದೈತಿ, ಮಾತಾಡಸ್ರಿ," ಅಂದ್ರು ಡಾಕ್ಟರು.

ಮಾತಾಡಸೂದು ಯಾರನ್ನ, ಗ್ವಾಡಿನ್ನ? ಅಂವ ಪಡಸಾಲಿಯೊಳಗ ಮಲಗತಿದ್ದ, ಈಕಿ ಒಳಗ ಫ್ಯಾನು ನೋಡ್ಕೋತ ಬಿದ್ದಿರತಿದ್ಳು. ಮೂವತ್ನಾಕಕ್ಕ ಬಿಪಿ ಗುಳಿಗಿ ಗಂಟು ಬಿದ್ದಿತ್ತು. ಉಂಡದ್ದು ಎದಿಗೆ ಹುಳಿಯಾಗಿ ಬರತಿತ್ತು. ಹಿಟ್ಟು ಬೀಸಲಿಕ್ಕೆ ಬಂದ ಮಂದಿ ಮ್ಯಾಲ ಸುಮ್ಮ ಸುಮ್ಮನ ಹರಿಹಾಯ್ತಿದ್ಳು. ಕಣ್ಣ ಮುಂದ ಓಡ್ಯಾಡೂ ಗಂಡನ್ನ ನೆನಸಿ ನೆನಸಿ ಅಳೂದಂದ್ರ ಅದೇನು ಸಣ್ಣ ಸಂಕಟನ?

"ಬಾಗಲಾ ತಗಿ, ಸುವರ್ಣಾ," ಅಂದ ಕಳಕೇಶ ಹೊರಗಿಂದ.

"ಎಡಗೈಲೆ ತುಕಡಿ ಒಗ್ಯಾಕ ನಾ ಏನು ಓಣಿ ನಾಯೇನ್ರಿ? ನಿಮ್ಮ ಪಾಲಿಗೆ ನಾ ಸತ್ತೇನೇನ್ರಿ?"

ಹೊರಗಿಂದ ಬಿಕ್ಕೂ ದನಿ ಬಂತು. ಮದುವಿಯಾಗಿ ಹನ್ನೊಂದು ವರ್ಷದಾಗ ಗಂಡ ಅತ್ತಿದ್ದು ಆಕಿ ಕೇಳಿರಲಿಲ್ಲ, ಅವ್ವ ಹೋದಾಗ ಸೈತ. ಗಾಬರಿಯಾಗಿ ಚಿಲಕಾ ತಗದ್ಳು. ಬನ್ನಿ ಹಿಡಕೊಂಡು ಅಂವ ಹೊಸ್ತಲದಾಗ ಕುಂತಿದ್ದ. ಆಕೀನೂ ಅವನ ಬಾಜೂ ಕುಂತ್ಳು.

"ಅವ್ವನ ಕೈ ಜಾರಲಿಲ್ಲ," ಅಂದ. "ನಾನ ಬಿಟ್ಟೆ. ಬಲಗೈಯಾಗ ಆಕಿ, ಎಡಗೈಯಾಗ ನೀ. ನೀರು ಕುಡದು ನಿನಗ ಎಚ್ಚರ ಇರಲಿಲ್ಲ. ಇಬ್ಬರನ್ನೂ ಹಿಡದು ಮಾಳಗಿ ಹತ್ತಾಕ ಆಗಲಿಲ್ಲ. ಅವ್ವ ನನ್ನ ನೋಡಾಕತ್ತಿದ್ಳು, ಸುವರ್ಣಾ. ನೋಡಾಕತ್ತಾಗನ ಬಿಟ್ಟೆ. ಆ ಕೈಲೆ ನಿನಗ ಬನ್ನಿ ಹ್ಯಾಂಗ ಕೊಡ್ಲಿ?"

ಹೆತ್ತ ಅವ್ವನಕಿಂತ ಹೆಚ್ಚಾಗಿ, ಶುಕ್ರವಾರಕ್ಕೊಮ್ಮೆ ಸುವರ್ಣಾನ ತಲಿಗೆ ಎಣ್ಣಿ ಹಚ್ಚಿ ಜಡಿ ಹಾಕತಿದ್ದ ಅತ್ತಿ. ಆ ಅತ್ತಿ ಹೋದದ್ದು ತನ್ನ ಸಲುವಾಗಿ. ತನ್ನನ್ನ ಉಳಿಸಿದ ಕೈಯನ್ನ ತಾನು ಈಗ ಓಣಿ ಮಂದಿ ಮುಂದ ಬ್ಯಾಡಂದು ಬಂದಿದ್ಳು.

"ಮೊದಲ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀನೂ ದೂರ ಸರೀತಿ ಅಂತ."

ಸುವರ್ಣಾ ತನ್ನನ್ನ ತಾ ನೋಡ್ಕೊಂಡ್ಳು. ಖರೇನ ಗೇಣು ದೂರ ಸರದು, ಎರಡೂ ಕೈ ಸೆರಗಿನೊಳಗ ಮುಚ್ಚಿಟ್ಟು ಕುಂತಿದ್ಳು. ಯಾವಾಗ ಸರದ್ಳೋ ಆಕಿಗೇ ಗೊತ್ತಿರಲಿಲ್ಲ. ಕೈ ಹೊರಗ ತಗದು, ಬನ್ನಿ ಸಮೇತ ಅವನ ಎಡಗೈ ಹಿಡದ್ಳು, ಬಿಡಲಿಲ್ಲ.