ಅವನಲ್ಲೂ ಇರಲಿ

"ಇನ್ನೊಂದ್ಸಲ ಹಾಕಿ ನೋಡೇ," ಅಂದಳು ಸೊಸೆ.

ಲ್ಯಾಬಿನಲ್ಲಿ ಪಕ್ಕದ ಮೇಜಿನ ಗೆಳತಿ ವರದಿಯನ್ನು ಕಂಪ್ಯೂಟರಿಗೆ ಹಾಕಿದಳು. ಮತ್ತೆ ಅದೇ. ಗರ್ಭದ ನೀರಿನ ಪರೀಕ್ಷೆಯಲ್ಲಿ, ಮಗುವಿನ ಹೃದಯಕ್ಕೆ ರೂಪ ಕೊಡುವ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ಕಂಡಿತ್ತು. ಇಂಥ ಬದಲಾವಣೆಯಿಂದ ಕೇಡಿದೆಯೋ ಎಂದು ಅಂದಾಜು ಮಾಡುವ ಐದು ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ ನಾಲ್ಕು ಅದಕ್ಕೆ 'ಬಹುಶಃ ಹಾನಿಕರ' ಎಂದು ಕೆಂಪು ಬಳಿದಿದ್ದವು. ಇದೇ ಲ್ಯಾಬಿನಲ್ಲಿ ಕೂತು ಕಂಡವರ ಮಕ್ಕಳ ಮೇಲೆ ಈ ಕೆಂಪು ಬಿದ್ದಾಗಲೆಲ್ಲ, "ಕಂಪ್ಯೂಟರಿನ ಅಂದಾಜು ಅಷ್ಟೇ, ಗಾಬರಿಯಾಗಬೇಡಿ" ಎಂದು ಸಲೀಸಾಗಿ ಹೇಳಿ ಕಳಿಸುತ್ತಿದ್ದವಳು ಇವಳೇ. ಆಹಾ, ಎಷ್ಟು ಸುಲಭದ ಮಾತು. ಈಗ ತನ್ನದೇ ಮಗು.

ಅವಳ ರಕ್ತದಲ್ಲಿ ಆ ಬದಲಾವಣೆ ಇರಲಿಲ್ಲ. ಉಳಿದದ್ದು ಗಂಡನ ರಕ್ತ. ಗುಂಡುಕಲ್ಲಿನ ಹಾಗಿರುವ ಅವನಲ್ಲೂ ಅದೇ ಸಿಕ್ಕಿದರೆ, ಪ್ರೋಗ್ರಾಂ ಏನೇ ಬಡಬಡಿಸಲಿ, ಅಪ್ಪನ ಹಾಗೆ ಮಗುವೂ ಆರಾಮಾಗಿರುತ್ತದೆಂದು ನಂಬಬಹುದಿತ್ತು. ಸಿಗದಿದ್ದರೆ ಅದು ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ಆಗ ಕೆಂಪನ್ನು ನಂಬದೆ ಗತಿಯಿಲ್ಲ. ಇಟ್ಟುಕೊಳ್ಳುತ್ತೀರೋ ತೆಗೆಸುತ್ತೀರೋ ಎಂದು ಡಾಕ್ಟರು ಈ ವಾರವೇ ಕೇಳುವವರಿದ್ದರು.

ಹೊರಗಿನ ಬೆಂಚಿನ ಮೇಲೆ ಗಂಡ, ಅತ್ತೆ ಕೂತಿದ್ದರು. ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳುವ ಧೈರ್ಯ ಗಂಡ ಹೆಂಡತಿ ಇಬ್ಬರಿಗೂ ಬಂದಿರಲಿಲ್ಲ. "ಇವರಲ್ಲೂ ಇದೆಯಾ ಅಂತ ನೋಡ್ತಿದ್ದಾರೆ" ಎಂದಷ್ಟೇ ಹೇಳಿದ್ದರು. ಅಷ್ಟಕ್ಕೇ ಆಕೆಗೆ ಮೈಯೆಲ್ಲ ಉರಿದಿತ್ತು.

"ನನ್ನ ಮಗನಲ್ಲಿ ದೋಷ ಹುಡುಕ್ತಾರಂತೆ. ಹೆತ್ತೋಳು ನಾನು, ನನಗೆ ಗೊತ್ತಿಲ್ವಾ? ಜ್ವರ ಬಂದ್ರೂ ತಟ್ಟೆ ಬಿಟ್ಟು ಏಳೋನಲ್ಲ ಇವನು."

"ಇದ್ರೇನೇ ಒಳ್ಳೇದಮ್ಮ," ಅಂದ ಮಗ.

"ಬಿಡ್ತು ಅನ್ನು. ಬಾಯಿಗೆ ಒಳ್ಳೇ ಮಾತೇ ಬರಲ್ವಾ ನಿನಗೆ?"

ಅವನು ಬಿಡ್ತು ಅನ್ನಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ಕೂತಾಗ ತಗ್ಗಿದ ದನಿಯಲ್ಲಿ, "ನನ್ನಲ್ಲಿ ಕೆಟ್ಟದ್ದು ಒಂದೆರಡಾ ಅಂತಿದ್ದೆಯಲ್ಲ, ಇದೊಂದು ಇರದೆ ಎಲ್ಲಿ ಹೋಗುತ್ತೆ ಬಿಡು," ಅಂದ. ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಳುವನ್ನು ನುಂಗಿಕೊಂಡಳು. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ, ಇರದಿರಲಿ, ಇರದಿರಲಿ ಎಂದು ತುಟಿಯಲ್ಲೇ ಬೇಡಿಕೊಳ್ಳುತ್ತಿದ್ದರು.

ಬಾಗಿಲು ತೆರೆಯಿತು. ಗೆಳತಿ ಹೊರಗೆ ಬಂದಳು, ಆದರೆ ಹತ್ತಿರ ಬರಲಿಲ್ಲ.

"ಮತ್ತೆ ಮತ್ತೆ ನೋಡಿದೆ ಕಣೇ," ಅಂದಳು. "ಇವರಲ್ಲಿ ಇಲ್ಲ."

ಗಂಡ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ.

ಅತ್ತೆ ದೊಡ್ಡದಾಗಿ ಉಸಿರು ಬಿಟ್ಟರು. ಎಷ್ಟೋ ದಿನದ ಮೇಲೆ ಆ ಮುಖ ಅರಳಿತ್ತು. "ನಾನು ಹೇಳ್ಲಿಲ್ವಾ? ಸುಮ್ಮನೆ ಜೀವ ಹಿಂಡಿಬಿಟ್ರಿ," ಎನ್ನುತ್ತ ಸೊಸೆಯ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. "ಇನ್ನಾದ್ರೂ ನಗು ತಾಯಿ. ನೀನು ಹೀಗೆ ಕೂತ್ರೆ ಒಳಗಿರೋದಕ್ಕೂ ಬೇಜಾರಾಗುತ್ತೆ."

"ಹೂಂ ಅತ್ತೆ," ಅಂದಳು ಸೊಸೆ. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಗಲು ನೋಡಿದಳು.