ಪಲೋಮಾ ಬಸ್ಸಿನ ಹಿಂಬಾಗಿಲು

ಪಲೋಮಾ ನಿಂತಲ್ಲೇ ನಿಂತು ಒಂದು ಮಳೆಗಾಲ ಕಳೆದಿತ್ತು. ಚಕ್ರಗಳ ಸುತ್ತ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಬಸ್ಸಿನಡಿಯ ನೆರಳಲ್ಲಿ ಡ್ರೈವರ್ ನಿಕಾನೋರನ ಹೆಂಡತಿಯ ಕೋಳಿಗಳು ಮೊಟ್ಟೆಯಿಡುವ ಜಾಗ ಮಾಡಿಕೊಂಡಿದ್ದವು. ಆದರೂ ನಿಕಾನೋರ್ ದಿನಾ ಬೆಳಿಗ್ಗೆ ಎದ್ದವನೇ, ಇನ್ನೇನು ಹೊರಡಬೇಕು ಎಂಬ ಹಾಗೆ ಅದರ ಗಾಜು ಒರೆಸುತ್ತಿದ್ದ. ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿ, ಅದರ ಗೊಣಗಾಟವನ್ನು ಒಂದಿಷ್ಟು ಹೊತ್ತು ಕೇಳಿ, ಆರಿಸಿ, ಇಳಿದು ಬರುತ್ತಿದ್ದ.

ಚುವಿಪೆಕ್ ಊರಿನಿಂದ ಕೆಳಗಿನ ಸಂತೆಪೇಟೆಗೆ ಇಳಿಯುವ ದಾರಿ ಬೆಟ್ಟಕ್ಕೆ ಸುತ್ತಿದ ಹಗ್ಗದಂತಿದೆ. ಹೋದ ವರ್ಷ ಒಂದು ಸಂತೆಯ ದಿನ, ಆ ಇಳಿಜಾರಿನಲ್ಲಿ ಪಲೋಮಾದ ಬ್ರೇಕು ಕಾದು ಹೊಗೆಯೆದ್ದಿತು. ನಿಕಾನೋರ್ ಹೇಗೋ ಬಸ್ಸನ್ನು ಬೆಟ್ಟದ ಮಗ್ಗುಲಿನ ಮಣ್ಣಿಗೆ ಒರಗಿಸಿ ನಿಲ್ಲಿಸಿದ. ಬೆಂಕಿ ಹತ್ತಲಿಲ್ಲ. ಆದರೆ ಹೊಗೆ ಕಂಡ ಜನರೆಲ್ಲ ಮುಂದಿನ ಬಾಗಿಲಿಗೇ ನುಗ್ಗಿ ಮೆಟ್ಟಿಲಲ್ಲಿ ಸಿಕ್ಕಿಕೊಂಡರು. ಕೆಳಗೆ ಬಿದ್ದ ಮುದುಕನೊಬ್ಬನ ತೋಳು ಮುರಿಯಿತು. ಕ್ಲೀನರ್ ಚೆಪೆ ಹಿಂಬಾಗಿಲು ತೆರೆದು ಹಿಡಿದು ಕೂಗಿದ್ದೇ ಕೂಗಿದ್ದು. ಆ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಸಾರಿಗೆ ಕಚೇರಿಯವರು ಪರ್ಮಿಟ್ ತಡೆಹಿಡಿದರು. ಅಂದಿನಿಂದ ಊರಿನ ಜನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕುರಿಮಂದೆಯಂತೆ ನಿಂತು, ಕಬ್ಬಿಣದ ಸರಳು ಹಿಡಿದುಕೊಂಡು, ಮಳೆಯಲ್ಲಿ ನೆನೆಯುತ್ತ ಸಂತೆಗೆ ಹೋಗಿಬರುತ್ತಿದ್ದರು. ಈಗ ಹೊಸ ಬ್ರೇಕು ಕೂತಿತ್ತು. ಕಚೇರಿಯವರದು ಒಂದೇ ಷರತ್ತು ಉಳಿದಿತ್ತು. ಅಗ್ನಿಶಾಮಕ ದಳದವರು ಊರಿಗೇ ಬಂದು ಅಪಾಯದ ಅಭ್ಯಾಸ ಮಾಡಿಸುತ್ತಾರೆ. ಇಂಜಿನ್ನಿನ ಬಳಿ ಅವರು ಹಚ್ಚಿಡುವ ಹೊಗೆಯ ಡಬ್ಬಿ ಆರುವುದರೊಳಗೆ ಬಸ್ಸು ಖಾಲಿಯಾದರೆ ಪರ್ಮಿಟ್ ವಾಪಸು. ಇಲ್ಲದಿದ್ದರೆ ಈ ದಾರಿ ಪೇಟೆಯ ಕಂಪನಿಯೊಂದರ ಪಾಲು. ಆ ಕಂಪನಿಯ ಬಸ್ಸು ಕೆಳಗಿನ ಕೂಡುರಸ್ತೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮೇಲಕ್ಕೆ ಹೊರೆ ಹೊತ್ತು ನಡೆಯಬೇಕಾದವರು ಚುವಿಪೆಕ್‌ನ ಹೆಂಗಸರೇ. ನಿಕಾನೋರನಿಗಂತೂ ಬಸ್ಸು ಓಡಿಸುವುದು ಬಿಟ್ಟು ಬೇರೆ ಕೆಲಸವೇ ಗೊತ್ತಿರಲಿಲ್ಲ.

ದಳದವರು ಬಂದದ್ದು ಮಂಗಳವಾರ. ಸಾರ್ಜೆಂಟ್ ಓವಿದಿಯೊ ಒಣಕಲು ಮನುಷ್ಯ, ಕೀರಲು ದನಿ. ಅವನ ಜೊತೆ ಇಬ್ಬರು ಕಟ್ಟುಮಸ್ತಾದ ತರುಣರು ಮತ್ತು ದಳದವಳೇ ಆದ ಎಲ್ವಿರಾ ಎಂಬ ಹೆಂಗಸು. ಶಾಲೆಯ ಮುಂದಿನ ಬಯಲಿಗೆ ಪಲೋಮಾ ಬಂದಾಗ ಕೋಳಿಗಳು ಅದರ ಹಿಂದೆಯೇ ಅರ್ಧ ದಾರಿ ಓಡಿಬಂದವು. ಇಡೀ ಊರೇ ಸೇರಿತ್ತು. ಬಸ್ಸು ಹತ್ತುವ ಹೆಂಗಸರು ಸಂತೆಗೆ ಹೊರಟವರ ಹಾಗೇ ಬುಟ್ಟಿ ಸಮೇತ ಬಂದಿದ್ದರು.

"ಇದೇನಿದು, ಈರುಳ್ಳಿ ಯಾಕೆ ತಂದ್ರಿ?" ಎಂದ ಚೆಪೆ.

"ಅಭ್ಯಾಸ ಅಂದ್ರಲ್ಲ. ಬುಟ್ಟಿ ಇಲ್ದೆ ಬಸ್ಸು ಹತ್ತಿ ಅಭ್ಯಾಸ ಇಲ್ಲಪ್ಪ ನಮಗೆ," ಎಂದಳು ಒಬ್ಬಳು.

ಸಾರ್ಜೆಂಟ್ ನಕ್ಕ. "ತನ್ನಿ, ಬೇಡ ಅನ್ನಲ್ಲ. ಆದ್ರೆ ಸೀಟಿ ಊದಿದ ಮೇಲೆ ಬುಟ್ಟಿ ಅಲ್ಲೇ, ನೀವು ಮಾತ್ರ ಹೊರಗೆ. ಬೆಂಕಿ ಇಂಜಿನ್ನಿನಲ್ಲಿ ಅಂದ್ಕೊಳ್ಳಿ. ಮುಂದಿನ ಬಾಗಿಲನ್ನ ಮರೆತುಬಿಡಿ. ಎಲ್ರೂ ಹಿಂದ್ಗಡೆಯಿಂದ. ನಮ್ಮ ಹುಡುಗರು ಕೆಳಗೆ ನಿಂತು ಹಿಡ್ಕೊಳ್ತಾರೆ, ಹೆದರಬೇಡಿ. ಡ್ರೈವರು ಸೀಟುಗಳನ್ನೆಲ್ಲ ನೋಡ್ಕೊಂಡು ಕೊನೇಲಿ ಇಳೀಬೇಕು."

ಹಿಂಬಾಗಿಲಿಗೆ ಮೆಟ್ಟಿಲಿಲ್ಲ. ಅದರ ಹೊಸ್ತಿಲು ಆಳಿನ ಎದೆಮಟ್ಟಕ್ಕಿತ್ತು. ಅದರ ಪಕ್ಕದ ಕೊನೆಯ ಸೀಟಿನಲ್ಲಿ, ಯಾವತ್ತಿನ ತನ್ನ ಜಾಗದಲ್ಲಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಊರವರು ಗೌರವದಿಂದ ದೋನ್ಯಾ ಎಂದು ಕರೆಯುವ ಪೆತ್ರೋನಾ, ನಿಕಾನೋರನ ಅತ್ತೆ. ಊರಿನ ಸೂಲಗಿತ್ತಿ. ಆ ಬಸ್ಸಿನೊಳಗೆ ಕೂತಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅವಳ ಕೈಯಲ್ಲೇ ಹುಟ್ಟಿದವರು.

ಹೊಗೆ ಎದ್ದಿತು. ಸೀಟಿ ಕೂಗಿತು. ಚೆಪೆ ಹಿಂಬಾಗಿಲು ತೆರೆದ. ಪೆತ್ರೋನಾ ಎದ್ದು ಹೊಸ್ತಿಲವರೆಗೆ ಬಂದಳು, ಕೆಳಗೆ ನೋಡಿದಳು. ಇಬ್ಬರು ತರುಣರು ಎರಡೂ ಕೈ ಚಾಚಿ, "ಬನ್ನಿ ಅಜ್ಜಿ, ಹಾರಿ, ಸೊಂಟ ಹಿಡ್ಕೊಳ್ತೀವಿ," ಎಂದರು. ಅವಳು ಆ ಕೈಗಳನ್ನು ನೋಡಿದಳು, ಸುತ್ತ ನೆರೆದಿದ್ದ ಊರನ್ನು ನೋಡಿದಳು. ತನ್ನ ಸುತ್ತುಲಂಗದ ನೆರಿಗೆ ಸರಿಮಾಡಿಕೊಂಡು ಹಿಂದಕ್ಕೆ ಹೋಗಿ ಸೀಟಿನಲ್ಲಿ ಕೂತುಬಿಟ್ಟಳು.

ಅವಳ ಹಿಂದೆ ಸಾಲು ನಿಂತಿತು. ಅದು ನೂಕುನುಗ್ಗಲಿನ ಸಾಲಲ್ಲ.

"ನೀವು ಮುಂದೆ, ಅಜ್ಜಿ."

"ನೀನು ಹೋಗವ್ವ, ನಂದಿರಲಿ."

"ಅಯ್ಯೋ, ನಿಮ್ಮನ್ನ ದಾಟಿ ಹೋಗೋದಾ? ನೀವು ಹೋಗಿ."

"ಹೋಗು ಅಂದೆ."

"ನೀವು ಇಳೀರಿ, ನಾನು ಬರ್ತೀನಿ."

ಹೊಗೆ ಸೀಟುಗಳ ಮೇಲೆ ತೇಲುತ್ತಿತ್ತು. ಹೆಂಗಸರು ಕೆಮ್ಮುತ್ತ, ಸೆರಗಿನಂತೆ ಶಾಲನ್ನು ಮೂಗಿಗೆ ಹಿಡಿದು, ಮರ್ಯಾದೆಯಿಂದ ಕಾಯುತ್ತಿದ್ದರು. ನಿಕಾನೋರ್ ಅದನ್ನೆಲ್ಲ ಕನ್ನಡಿಯಲ್ಲಿ ನೋಡುತ್ತಿದ್ದ. ಡಬ್ಬಿ ಕೊನೆಯದಾಗಿ ಒಮ್ಮೆ ಉಗುಳಿ ಆರಿಹೋಯಿತು. ಬಸ್ಸಿನಿಂದ ಒಂದು ನರಪಿಳ್ಳೆಯೂ ಇಳಿದಿರಲಿಲ್ಲ.

ಸಾರ್ಜೆಂಟ್ ಬೈಯಲಿಲ್ಲ. ಬಾಗಿಲ ಬಳಿ ಬಂದು ಟೋಪಿ ತೆಗೆದ. "ಎಲ್ರೂ ತೀರಿಹೋದ್ರಿ," ಎಂದ. "ಬನ್ನಿ, ಸತ್ತವರಿಗೂ ಹಸಿವಾಗಿರ್ತದೆ. ಊಟ ಆದ್ಮೇಲೆ ಇನ್ನೊಂದು ಸಲ ನೋಡೋಣ. ಅದೇ ಕೊನೇದು. ಕತ್ತಲಾಗೋದ್ರೊಳಗೆ ನಾವು ಇಳೀಬೇಕು."

ಹೆಂಗಸರು ನಗುತ್ತ ಮುಂದಿನ ಬಾಗಿಲಿನಿಂದ ಇಳಿದರು. ಶಾಲೆಯ ಜಗಲಿಯ ಮೇಲೆ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ, ಕರಿ ಹುರುಳಿ, ಬೆಲ್ಲದ ಕಾಫಿ ಇತ್ತು. ನಿಕಾನೋರ್ ತಟ್ಟೆ ಮುಟ್ಟಲಿಲ್ಲ. ಅತ್ತೆ ಇನ್ನೂ ಬಸ್ಸಿನಲ್ಲೇ ಕೂತಿದ್ದಳು. ಅವನು ಒಂದು ಲೋಟ ಕಾಫಿ ಹಿಡಿದು ಒಳಗೆ ಹೋದ.

"ಅತ್ತೆ, ಕಾಫಿ."

"ಇಡು."

"ಏನತ್ತೆ, ಹೀಗ್ ಮಾಡ್ಬಿಟ್ರಿ?"

"ನಾನೇನ್ ಮಾಡ್ದೆ? ಆ ಹುಡುಗರು ನನ್ನ ಸೊಂಟ ಹಿಡೀತಾರಂತೆ! ನಿಮ್ಮ ಮಾವ, ದೇವರು ಅವರಿಗೆ ಒಳ್ಳೇದು ಮಾಡ್ಲಿ, ನಲವತ್ತು ವರ್ಷ ಸಂಸಾರ ಮಾಡಿದ್ರು. ಊರ ಮುಂದೆ ಒಂದು ದಿನ ಕೈ ಹಿಡಿದೋರಲ್ಲ. ಇನ್ನು ಹಾರೋದಂತೆ. ಲಂಗ ಎಲ್ಲಿಗೆ ಹೋಗ್ತದೆ ಅಂತ ನಿನಗೆ ಗೊತ್ತಾ?"

ನಿಕಾನೋರ್ ಅವಳ ಎದುರಿನ ಸೀಟಿನಲ್ಲಿ ಕೂತ. ಬೆಳಿಗ್ಗೆಯಿಂದ ಮನಸ್ಸಿನಲ್ಲಿ ಸುಳಿಯುತ್ತಿದ್ದ ಮಾತು ಈಗ ಬಾಯಿಗೆ ಬಂತು. ಅತ್ತೆ ಇಲ್ಲದಿದ್ದರೆ ಹಿಂದಿನವರಿಗೆ ದಾಟಲು ಯಾರೂ ಅಡ್ಡವಿಲ್ಲ. ಅವರು ಹೇಗೋ ಇಳಿದಾರು. ಸಾರ್ಜೆಂಟ್ ತಲೆ ಎಣಿಸಿಲ್ಲ.

"ಅತ್ತೆ, ಮಧ್ಯಾಹ್ನದ ಸಲ ನೀವು ಹತ್ತೋದೇ ಬೇಡ. ಜಗಲಿ ಮೇಲೆ ಆರಾಮಾಗಿ ಕೂತು ನೋಡಿ. ನಿಮಗೂ ತೊಂದ್ರೆ ಇಲ್ಲ, ನನ್ನ ಪರ್ಮಿಟ್ಟೂ ಸಿಗ್ತದೆ."

ಪೆತ್ರೋನಾ ಕಾಫಿ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟಳು.

"ಆಗ್ಲಪ್ಪ," ಎಂದಳು. "ನಿಜವಾಗ್ಲೂ ಬೆಂಕಿ ಬೀಳೋ ದಿನ ನನಗೆ ಮೊದಲೇ ಹೇಳಿಕಳಿಸು. ಅವತ್ತೂ ಮನೇಲೇ ಇರ್ತೀನಿ."

ನಿಕಾನೋರ್ ತಲೆ ತಗ್ಗಿಸಿದ. ಜಗಲಿಯ ಕಡೆಯಿಂದ ನಗು ಕೇಳಿಬರುತ್ತಿತ್ತು. ಹೋದ ವರ್ಷದ ಹೊಗೆಯ ದಿನ ಅವನಿಗೆ ನೆನಪಾಗದ ರಾತ್ರಿಯಿರಲಿಲ್ಲ. ಆದರೆ ನೆನಪಾಗುತ್ತಿದ್ದುದು ಮುರಿದ ತೋಳಲ್ಲ. ಅದನ್ನು ಅವನು ಹೆಂಡತಿಯ ಬಳಿಯೂ ಆಡಿರಲಿಲ್ಲ.

"ಅವತ್ತು ಕನ್ನಡಿಯಲ್ಲಿ ನಿಮ್ಮನ್ನ ನೋಡಿದ್ದೆ ಅತ್ತೆ," ಎಂದ ಮೆಲ್ಲಗೆ. "ಎಲ್ರೂ ಮುಂದಕ್ಕೆ ನುಗ್ತಿದ್ರು. ನೀವೊಬ್ರೇ ಇದೇ ಸೀಟಲ್ಲಿ, ಬುಟ್ಟಿ ತಬ್ಬಿಕೊಂಡು ಕೂತಿದ್ರಿ. ನಾನು ಬ್ರೇಕ್ ಮೇಲೆ ಕಾಲಿಟ್ಟಿದ್ದೆ, ತೆಗೆಯೋ ಹಾಗಿರಲಿಲ್ಲ. ಬೆಂಕಿ ಹತ್ತಿದ್ರೆ ನೀವು ಅಲ್ಲೇ ಇರ್ತಿದ್ರಿ. ಅಲ್ವಾ?"

ಪೆತ್ರೋನಾ ತೊಡೆಯ ಮೇಲಿನ ಬುಟ್ಟಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಹತ್ತಬೇಡಿ ಅಂದಿದ್ದು ತಪ್ಪಾಯ್ತು. ಆದ್ರೆ ನೀವೇ ಹೇಳಿ. ಹೇಗಾದ್ರೆ ಇಳೀತೀರಿ?"

ಇಷ್ಟು ದಿನದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಹಾರಿ ಎಂದವರೇ ಎಲ್ಲ. ಪೆತ್ರೋನಾ ಹೊಸ್ತಿಲಿನ ಎತ್ತರವನ್ನು ಇನ್ನೊಮ್ಮೆ ಅಳೆದಳು. ಆಮೇಲೆ ಬುಟ್ಟಿಯೊಳಗೆ ಕೈಹಾಕಿ ಮಡಚಿಟ್ಟಿದ್ದ ಬಟ್ಟೆಯೊಂದನ್ನು ಎಳೆದಳು. ಕೂಸುಗಳನ್ನು ಬೆನ್ನಿಗೆ ಕಟ್ಟುವ ಬಟ್ಟೆ ಅದು. ಸೌದೆ ಹೊರೆಗೂ ಅದೇ, ಜೋಳದ ಮೂಟೆಗೂ ಅದೇ. ಎಳೆದರೆ ಹರಿಯುವ ಜಾತಿಯದಲ್ಲ.

"ಅವರು ಇದನ್ನ ಹಿಡೀಲಿ," ಎಂದಳು. "ನನ್ನ ಹಿಡಿಯೋದು ಬೇಡ. ಮತ್ತೆ, ಹಾರೋ ಮಾತೇ ಇಲ್ಲ. ಕೂತ್ಕೊಂಡು ಜಾರ್ತೀನಿ. ಕೂತಿದ್ರೆ ಲಂಗ ಎಲ್ಲಿಗೂ ಹೋಗಲ್ಲ."

ನಿಕಾನೋರ್ ಎಲ್ವಿರಾಳನ್ನು ಕರೆತಂದ. ಅವಳು ತಮಾಲೆ ಅಗಿಯುತ್ತಲೇ ಕೇಳಿಸಿಕೊಂಡಳು, ಬಟ್ಟೆಯನ್ನು ಜಗ್ಗಿ ನೋಡಿದಳು. "ನಮ್ಮಮ್ಮನೂ ಸುತ್ತುಲಂಗದವಳೇ," ಎಂದಳು. "ನನಗೇ ಹೊಳೀಬೇಕಿತ್ತು. ಮೊದ್ಲು ಯಾರಾದ್ರೂ ಇಳಿದು ತೋರಿಸ್ಲಿ, ಭಾರ ತಡೀತದಾ ನೋಡೋಣ."

ಚೆಪೆ ಸಿಕ್ಕಿಬಿದ್ದ. ನರೆತ ಮೀಸೆಯ ಆ ದಪ್ಪ ಮನುಷ್ಯನಿಗೆ ಹೆಂಗಸರು ಪ್ಯಾಂಟಿನ ಮೇಲೇ ಒಂದು ಸುತ್ತುಲಂಗ ಬಿಗಿದರು, ಹೆಗಲಿಗೆ ಶಾಲು ಹಾಕಿದರು.

"ಅಯ್ಯೋ, ಮದುವೆ ಹೆಣ್ಣಿಗೆ ಮೀಸೆ ಬಂದಿದೆ!"

"ನಾಚ್ಕೊಳ್ಳೇ, ಊರೆಲ್ಲ ನೋಡ್ತಿದೆ!"

"ನಗಿ, ನಗಿ," ಎಂದ ಚೆಪೆ ಹೊಸ್ತಿಲ ಮೇಲೆ ಕೂರುತ್ತ. "ನಾಳೆ ಬಸ್ಸು ಹತ್ತೋಕೆ ಬರ್ತೀರಲ್ಲ, ಮೂಟೆ ಮೇಲಕ್ಕೆ ಹಾಕಪ್ಪಾ ಅಂತ, ಆಗ ಮಾತಾಡ್ತೀನಿ."

ಬೆನ್ನ ಹಿಂದಿನಿಂದ ಕಂಕುಳಡಿಗೆ ಬಟ್ಟೆ ಸುತ್ತಿ, ಅದರ ಎರಡು ತುದಿಗಳನ್ನು ಕೆಳಗೆ ಎಡಬಲದಲ್ಲಿ ನಿಂತ ತರುಣರಿಗೆ ಕೊಟ್ಟರು. ಚೆಪೆ ಜಾರಿದ. ಒಬ್ಬ ತರುಣನ ಹಿಡಿ ಸಡಿಲಾಗಿ ಚೆಪೆ ಅಡ್ಡಡ್ಡ ಬಿದ್ದು ಹುಲ್ಲಿನ ಮೇಲೆ ಉರುಳಿದ; ಬಯಲೆಲ್ಲ ಹೋ ಎಂದಿತು. ಸಾರ್ಜೆಂಟ್ ಕಾಫಿ ಲೋಟ ಬಿಟ್ಟು ಎದ್ದುಬಂದ. ತುದಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಳ್ಳಬೇಕೆಂದು ಹುಡುಗರಿಗೆ ತೋರಿಸಿದ. ಕೂರುವವರು ಮೊಣಕಾಲು ಜೋಡಿಸಬೇಕು, ಹೊಗೆಯಿದ್ದರೆ ಸಾಲಿನಲ್ಲಿ ನಿಂತವರು ಬಗ್ಗಿರಬೇಕು ಎಂದ. ಎರಡನೆಯ ಸಲ ಚೆಪೆ ಹೂವಿನ ಹಾಗೆ ಇಳಿದ. ಹಾಗೆಂದು ಅವನೇ ಹೇಳಿಕೊಂಡ.

ಎಲ್ಲರೂ ಮತ್ತೆ ಬಸ್ಸು ಹತ್ತಿ ಕೂತ ಮೇಲೆ ಇನ್ನೊಂದು ಡಬ್ಬಿಯಿಂದ ಹೊಗೆ ಎದ್ದಿತು. ಸೀಟಿ ಕೂಗಿತು. ಪೆತ್ರೋನಾ ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿದಳು. ಆ ಬುಟ್ಟಿಯನ್ನು ಅವಳು ಕೈಬಿಟ್ಟದ್ದನ್ನು ನಿಕಾನೋರ್ ಅದುವರೆಗೆ ಕಂಡೇ ಇರಲಿಲ್ಲ. ಅವಳು ಹೊಸ್ತಿಲಲ್ಲಿ ಕೂತಳು. ಬಟ್ಟೆ ಬಿಗಿಯಾಯಿತು. ಕನ್ನಡಿಯಿಂದ ಅವಳ ನರೆಗೂದಲ ತಲೆ ಮಾಯವಾಯಿತು, ಕೆಳಗಿನಿಂದ ದನಿ ಮಾತ್ರ ಬಂತು: "ಏನ್ ನಿಂತಿದ್ದೀರೇ ಗೊಂಬೆಗಳ ಹಾಗೆ? ಬನ್ನಿ! ನಿಮ್ಮನ್ನೆಲ್ಲ ಒಂದು ಸಲ ಹೊರಗೆ ತಂದಿದ್ದೀನಿ, ಇನ್ನೊಂದು ಸಲ ತರ್ಬೇಕಾ?"

ಇನ್ನು ಯಾರಿಗೆ ಯಾರ ಅಪ್ಪಣೆ ಬೇಕಿತ್ತು? ಒಬ್ಬರ ಹಿಂದೆ ಒಬ್ಬರು ಬಗ್ಗಿ ಬಂದರು, ಕೂತರು, ಜಾರಿದರು. ಹಿಡಿಯುವವರ ಕೈ ಸೋತಾಗ ಎಲ್ವಿರಾ ಮತ್ತು ನಿಕಾನೋರನ ಹೆಂಡತಿ ತುದಿಗಳನ್ನು ಹಿಡಿದರು. ಮಧ್ಯದಲ್ಲಿ ಒಬ್ಬಳು ಕೋಳಿ ಬಿಟ್ಟೆನೆಂದು ಹಿಂತಿರುಗಲು ಹೋಗಿ ಸಾಲು ತೊಡರಿತು. ಹಿಂದಿನವರು ಅವಳನ್ನು ತಿರುಗಿಸಿ ಕೂರಿಸಿಯೇಬಿಟ್ಟರು. ನಿಕಾನೋರ್ ಹೊಗೆಯೊಳಗೆ ಸೀಟು ಸೀಟನ್ನೂ ಕೈಯಿಂದ ತಡವುತ್ತ ಬಂದ. ಈರುಳ್ಳಿ, ಬುಟ್ಟಿ, ಒಂದು ಕೋಳಿ. ಮನುಷ್ಯರಿರಲಿಲ್ಲ. ಅವನು ಬಟ್ಟೆಗೂ ಕಾಯದೆ ಧುಮುಕಿದ.

ಎಲ್ಲರೂ ಇಂಜಿನ್ನಿನ ಕಡೆ ನೋಡಿದರು. ಡಬ್ಬಿಯ ಬಾಯಿಂದ ನೂಲಿನಷ್ಟು ಹೊಗೆ ಇನ್ನೂ ಬರುತ್ತಿತ್ತು. ಗಾಳಿಗೆ ಅದು ಬಾಗಿತು, ಮತ್ತೆ ನೆಟ್ಟಗಾಯಿತು, ಆಮೇಲೆ ಆರಿತು.

"ಸಾಲದು," ಎಂದ ಸಾರ್ಜೆಂಟ್. ನಿಕಾನೋರ್ ಅವನತ್ತ ತಿರುಗಿದ. "ಒಂದು ಬಟ್ಟೆ ಸಾಲದು. ಬಾಗಿಲ ಪಕ್ಕ ಎರಡು ಯಾವಾಗ್ಲೂ ತೂಗಾಡ್ತಿರಬೇಕು. ಹಿಂದೆ ಮೂಟೆ ಪೇರಿಸಬಾರದು. ತಿಂಗಳಿಗೊಮ್ಮೆ ಹೀಗೆ ಇಳಿಸಬೇಕು. ಒಪ್ಪಿಗೆಯಾದ್ರೆ ನಾನು ರುಜು ಹಾಕ್ತೀನಿ."

"ಒಪ್ಪಿಗೆ," ಎಂದ ನಿಕಾನೋರ್. ಕೆಮ್ಮಿನ ನೆಪದಲ್ಲಿ ಕಣ್ಣೊರೆಸಿಕೊಂಡ.

ಮುಂದಿನ ವಾರದ ಸಂತೆಗೆ ಪಲೋಮಾ ಇಳಿಯಿತು. ಕೋಳಿಗಳು ದಿಕ್ಕುಗೆಟ್ಟು ಅಂಗಳದಲ್ಲಿ ಓಡಾಡಿದವು. ತಿರುವು ತಿರುವಿನಲ್ಲೂ ನಿಕಾನೋರ್ ಬ್ರೇಕನ್ನು ಹಸುವಿನ ಕೆಚ್ಚಲು ಮುಟ್ಟುವಷ್ಟು ನಯವಾಗಿ ಒತ್ತಿದ. ಪೇಟೆಯ ಚೌಕದಲ್ಲಿ ನಿಲ್ಲಿಸಿ ಮುಂದಿನ ಬಾಗಿಲು ತೆರೆದ. ಗಂಡಸರು ಇಳಿದರು. ಆಮೇಲೆ ಯಾರೂ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹೆಂಗಸರೆಲ್ಲ ಬೆನ್ನು ತಿರುಗಿಸಿ ಸಾಲು ನಿಂತಿದ್ದಾರೆ, ಹಿಂಬಾಗಿಲು ತೆರೆದಿದೆ, ಕೆಳಗೆ ಚೆಪೆ ಒಬ್ಬನೇ ಬಟ್ಟೆಯ ಒಂದು ತುದಿ ಹಿಡಿದು ದಿಕ್ಕು ತೋಚದೆ ನಿಂತಿದ್ದಾನೆ.

"ಅತ್ತೆ!" ಎಂದು ಕೂಗಿದ ನಿಕಾನೋರ್. "ಇವತ್ತು ಬೆಂಕಿ ಇಲ್ಲ! ಮುಂದ್ಗಡೆ ಮೆಟ್ಟಿಲಿದೆ!"

"ಮೆಟ್ಟಿಲು ಮಂಡಿಗೆ ಆಗಿಬರಲ್ಲ," ಎಂದಳು ಪೆತ್ರೋನಾ ಹೊಸ್ತಿಲ ಮೇಲೆ ಕೂರುತ್ತ. "ಅಲ್ಲಿ ಕೂತು ಕೂಗಬೇಡ. ಬಂದು ಆ ಕಡೆ ತುದಿ ಹಿಡಿ. ಮುಂಗೈಗೆ ಒಂದು ಸುತ್ತು ಸುತ್ಕೋ."

ನಿಕಾನೋರ್ ಇಳಿದು, ಬಸ್ಸನ್ನು ಸುತ್ತಿಕೊಂಡು ಓಡಿದ.