ಕೇಳಿಸಿದರೆ ಕೈ ಎತ್ತಿ

ಬಗ್ಗಬೇಕಾದದ್ದು ಸೊಂಟದಿಂದ, ಕತ್ತಿನಿಂದಲ್ಲ ಎಂದು ಮಗಳು ಮತ್ತೆ ಹೇಳಿದಾಗ ಅವನ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ನೊರೆ ನೆಲಕ್ಕೆ ಬೀಳದಂತೆ ತುಟಿ ಬಿಗಿಹಿಡಿದು ಅವನು ಸೊಂಟದಿಂದಲೇ ಬಗ್ಗಿದ. ನೊರೆ ಬಿತ್ತು.

"ಅಯ್ಯೋ ಅಪ್ಪಾ! ಅಲ್ಲಿ ಹೀಗೆ ಮಾಡಿದ್ರೆ ನಮ್ಮ ಮಾನ ಹೋಗುತ್ತೆ."

ಬ್ರಷ್ ಬಾಯಲ್ಲಿಟ್ಟುಕೊಂಡು ಅಲ್ಲಿ ಯಾರಿಗೂ ನಮಸ್ಕಾರ ಮಾಡಲ್ಲ ಕಣೇ ಎಂದು ಅವನು ಹೇಳಿದ. ಬ್ರಷ್ ಬಾಯಲ್ಲೇ ಇದ್ದುದರಿಂದ ಅದು ಮಾತಾಗಲಿಲ್ಲ. ಆಗಿದ್ದರೂ ಅಷ್ಟೇ, ಅವಳು ಆಗಲೇ ಅಡುಗೆಮನೆ ಸೇರಿದ್ದಳು.

'ಅಲ್ಲಿ' ಎಂದರೆ ಕೊರಿಯಾ. ಮನಸ್ಸು ಕೊಟ್ಟವರ ಹೆಸರು ಹೇಳಲು ನಾಚುವವರ ಹಾಗೆ ಈ ಮನೆಯಲ್ಲಿ ಈಗ ಎಲ್ಲರೂ 'ಅಲ್ಲಿ' ಎಂದೇ ಅನ್ನುತ್ತಾರೆ. ಮೊದಲು ಹೆಂಡತಿ ಅಲ್ಲಿಯ ಒಂದು ಧಾರಾವಾಹಿ ನೋಡಿದಳು. ಅದನ್ನು ಬೈಯಲೆಂದೇ ಅವನ ಅತ್ತೆ ಅವಳ ಪಕ್ಕ ಬಂದು ಕೂತರು; ಬೈಯುತ್ತ ಬೈಯುತ್ತ ಮುಂದಿನ ಕಂತಿಗೆ ಕಾಯತೊಡಗಿದರು. ಮಗಳಿಗೆ ಅಲ್ಲಿಯ ಹಾಡು, ಕುಣಿತ, ಕೊನೆಗೆ ಮುಖಕ್ಕೆ ಹಚ್ಚುವ ಬಸವನಹುಳದ ಲೋಳೆ, ಎಲ್ಲವೂ ಬೇಕಾಯಿತು. ಫ್ಯಾನು ಹಾಕಬೇಕೋ ಬೇಡವೋ ಎಂಬುದರಲ್ಲೂ ಎಣ್ಣೆ ಸೀಗೇಕಾಯಿಯಂತಿದ್ದ ಅಜ್ಜಿ, ಮಗಳು, ಮೊಮ್ಮಗಳು ಒಂದಾದರು. ನಾಲ್ಕು ದಿನದ ಪ್ರವಾಸ ಎಂದು ತೀರ್ಮಾನವೂ ಆಯಿತು. ಆ ಸಂಜೆ ಅವನು ಕೊಳಾಯಿ ರಿಪೇರಿಯವನನ್ನು ಕರೆತರಲು ಹೋಗಿದ್ದ.

ಪ್ರವಾಸದ ಯೋಜನೆ ಎಂದರೆ ಏನೇನು ನೋಡಬೇಕು ಎಂಬ ಲೆಕ್ಕಾಚಾರ ಎಂದು ಅವನು ತಿಳಿದಿದ್ದ. ಇವರು ಎಲ್ಲವನ್ನೂ ಆಗಲೇ ನೋಡಿಬಿಟ್ಟಿದ್ದರು. ನಾಯಕ ಕೊಡೆ ಹಿಡಿದು ನಿಂತ ಸೇತುವೆ, ನಾಯಕಿ ಅತ್ತ ಮೆಟ್ಟಿಲು, ಪ್ರೇಮಿಗಳು ಬೀಗ ಹಾಕಿ ಬರುವ ಗೋಪುರ, ಯಾವುದೂ ಬಾಕಿಯಿರಲಿಲ್ಲ. ಆ ಜಾಗಗಳಲ್ಲಿ ತಾವು ಹೇಗೆ ಕಾಣಬೇಕು ಎನ್ನುವುದಷ್ಟೇ ಉಳಿದಿತ್ತು. ಅದಕ್ಕೇ ಈ ತಾಲೀಮು.

ಸೋಫಾ ಗೋಡೆಗೆ ಸರಿದಿತ್ತು. ನೆಲದ ಮೇಲೆ ದಿಂಬು, ನಡುವೆ ಗಿಡ್ಡ ಮೇಜು. ಉಪ್ಪು ಕೇಳಿದರೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಕೊಡುವಾಗ ಮುಖ ನೋಡುವುದಿಲ್ಲ. ಮುಖ ನೋಡದೆ ಕೊಡುವುದು ಮೊದಲೂ ಇತ್ತು, ಈಗ ಅದಕ್ಕೆ ಎರಡು ಕೈ ಸೇರಿದೆ ಅಷ್ಟೆ ಎಂದು ಅವನಿಗೆ ಅನ್ನಿಸಿತ್ತು. ಅಪ್ಪನಿಗೆ ಅಲ್ಲೂ ಅಪ್ಪಾ ಅಂತಲೇ ಅನ್ನುತ್ತಾರಂತೆ. ಮಗಳು ಕೊನೆಯನ್ನು ಸ್ವಲ್ಪ ಎಳೆದು ಕರೆಯುತ್ತಾಳೆ. ತನ್ನನ್ನು ಕರೆಯುತ್ತಿದ್ದಾಳೋ, ಅಭ್ಯಾಸ ಮಾಡುತ್ತಿದ್ದಾಳೋ ಅವನಿಗೆ ತಿಳಿಯುವುದಿಲ್ಲ.

ಹೋದ ವಾರ ಅವನನ್ನು ದಿಂಬಿನ ಮೇಲೆ ಕೂರಿಸಿ, ಎದುರಿಗೆ ಮೊಣಕಾಲೂರಿ, ಹಣೆ ಕೈಗೆ ತಾಗುವಂತೆ ಮಗಳು ನೆಲಕ್ಕೆ ಬಾಗಿದಳು. ಅಲ್ಲಿ ಹಿರಿಯರಿಗೆ ಹಾಗೆ ಮಾಡುತ್ತಾರಂತೆ. ಅವಳ ನೆತ್ತಿಯ ಬೈತಲೆ ಅವನಿಗೆ ಕಂಡಿತು. ಪುಟ್ಟವಳಿದ್ದಾಗ ಆ ಬೈತಲೆಯನ್ನು ತೆಗೆಯುತ್ತಿದ್ದವನು ಅವನೇ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅವಳು ತಲೆಯೆತ್ತಿ ಅವನ ಭುಜದಾಚೆ ನೋಡಿದಳು.

"ಬಂತಾ ಅಮ್ಮಾ?"

"ಅಪ್ಪ ಬಾಯಿ ಬಿಟ್ಬಿಟ್ರು. ಇನ್ನೊಂದ್ಸಲ," ಎಂದಳು ಫೋನು ಹಿಡಿದಿದ್ದ ಹೆಂಡತಿ.

ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವುದು ಅವನ ಕೆಲಸ. ಗಾಜಿನ ಕೋಣೆಯೊಳಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ರೋಗಿಯನ್ನು ಕೂರಿಸುತ್ತಾನೆ. ತಾನು ಹೊರಗೆ ಯಂತ್ರದ ಮುಂದೆ ಕೂತು ಒಂದೊಂದೇ ಸದ್ದು ಕಳಿಸುತ್ತಾನೆ. ಕೇಳಿಸಿದರೆ ಕೈ ಎತ್ತಿ, ಎಷ್ಟೇ ಸಣ್ಣದಾಗಿದ್ದರೂ ಎತ್ತಿ ಎಂದು ಮೊದಲೇ ಹೇಳಿರುತ್ತಾನೆ. ನಿಶ್ಶಬ್ದದಲ್ಲಿ ಕಿವಿ ತಾನೇ ಹುಟ್ಟಿಸಿಕೊಳ್ಳುವ ಸದ್ದಿನ ಬಗ್ಗೆ ದೊಡ್ಡ ಪ್ರಬಂಧ ಬರೆದು ಪದವಿ ಪಡೆದವನು. ಅದನ್ನು ಮನೆಯಲ್ಲಿ ಯಾರೂ ಓದಿಲ್ಲ. ಆಸ್ಪತ್ರೆಯಲ್ಲಿ ಅದು ಕಿಟಕಿ ಬಡಿಯದಂತೆ ಆನಿಸಿಡಲು ಬಳಕೆಯಲ್ಲಿದೆ.

ಆ ದಿನದ ಮೊದಲ ರೋಗಿ ಒಬ್ಬ ನಿವೃತ್ತ ಹೆಡ್‌ಮೇಡಂ. ಇಸ್ತ್ರಿಯ ಗೆರೆ ಮುರಿಯದಂತೆ ನೆಟ್ಟಗೆ ಕೂತು ಅವರು ಕೈ ಎತ್ತಿದರು. ಅವನು ಇನ್ನೂ ಸದ್ದು ಕಳಿಸಿರಲಿಲ್ಲ. ಸುಮ್ಮನೆ ಕಾದ. ಅವರು ಮತ್ತೆ ಎತ್ತಿದರು, ಈ ಸಲ ಇನ್ನೂ ಮೇಲಕ್ಕೆ.

ಅವನು ಬಾಗಿಲು ತೆಗೆದು, "ಮೇಡಂ, ನಾನಿನ್ನೂ ಶುರುವೇ ಮಾಡಿಲ್ಲ," ಎಂದ.

"ಗೊತ್ತು."

"ಮತ್ತೆ ಕೈ?"

ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಗಾಜಿನಾಚೆ ನೀವು ಅಷ್ಟು ಆಸೆಯಿಂದ ನೋಡ್ತಾ ಇದ್ರಿ. ಏನೋ ಹೇಳ್ತಿದೀರಿ, ನನಗೇ ಕೇಳಿಸ್ತಿಲ್ಲ ಅಂದ್ಕೊಂಡೆ. ಎತ್ತದೇ ಇದ್ರೆ ಬೇಜಾರು ಮಾಡ್ಕೋತೀರೇನೋ."

ಅವನು ನಕ್ಕು ಬಾಗಿಲು ಹಾಕಿದ. ನಗು ಯಾಕೋ ಸರಿಹೋಗಲಿಲ್ಲ.

ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಗೆ ರಜ ಕೇಳಲು ಹೋದ. ದಾರಿಯುದ್ದಕ್ಕೂ ವಾದ ಹೊಂದಿಸಿಕೊಂಡಿದ್ದ: ಮನೆಯವರು ಬಿಡುತ್ತಿಲ್ಲ, ನಾನಿಲ್ಲದೆ ಅವರು ಹೊರಡುವುದೇ ಇಲ್ಲ ಎನ್ನುತ್ತಿದ್ದಾರೆ, ಏನು ಮಾಡಲಿ ಸಾರ್. ಕೊನೆಯ ವಾಕ್ಯಕ್ಕೆ ಒಂದು ನಿಟ್ಟುಸಿರೂ ಸಿದ್ಧವಿತ್ತು.

"ಹೋಗ್ಬನ್ನಿ," ಎಂದರು ಡಾಕ್ಟರು, ಮೇಜಿನ ಮೇಲಿದ್ದ ರಜದ ಅರ್ಜಿ ನೋಡಿ, ಅವನು ಬಾಯಿ ತೆರೆಯುವ ಮೊದಲೇ.

"ನಾಲ್ಕೈದು ದಿನ ಆಗುತ್ತೆ ಸಾರ್. ಇಲ್ಲಿ ತೊಂದರೆ…"

"ಏನ್ ತೊಂದರೆ? ನೀವಿಲ್ಲ ಅಂತ ಇಲ್ಲೇನೂ ನಿಲ್ಲಲ್ಲ ಕಣ್ರೀ. ಆರಾಮಾಗಿ ಹೋಗ್ಬನ್ನಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಸಂಜೆ ಬಸ್ಸಿನ ಕಂಬಿಗೆ ಜೋತುಬಿದ್ದಾಗ ಆ ವಿಚಾರ ಹೊಳೆಯಿತು. ಹೊಳೆದದ್ದು ಅವನಿಗಿಂತ ಹೆಚ್ಚಾಗಿ ಅವನ ಕಸುಬಿಗೆ. ರಜ ಸಿಗಲಿಲ್ಲ ಎಂದು ಮನೆಯಲ್ಲಿ ಹೇಳುವುದು. ಅಷ್ಟೇ. ಒಂದು ಸಣ್ಣ ಸದ್ದು ಕಳಿಸಿ, ಯಾರು ಕೈ ಎತ್ತುತ್ತಾರೆ ನೋಡುವುದು. ಅಯ್ಯೋ, ನೀವಿಲ್ಲದೆ ಹೇಗ್ರೀ ಎಂದು ಹೆಂಡತಿ ಅಂದಾಳು. ಮಗಳು ಮುಖ ಊದಿಸಿಕೊಂಡಾಳು. ಊಟ ಮುಗಿಯುವವರೆಗೆ ಅವರನ್ನು ಹಾಗೇ ಬಿಟ್ಟು, ಆಮೇಲೆ ಸಿಕ್ಕಿದೆ ಕಣ್ರೇ, ತಮಾಷೆ ಮಾಡಿದೆ ಎನ್ನಬೇಕು. ಅವರು ಬೈಯಬೇಕು. ಆ ಬೈಗುಳ ಅವನಿಗೆ ತುಂಬಾ ಬೇಕಾಗಿತ್ತು. ಕಂಬಿಯಲ್ಲಿ ಜೋತಾಡುತ್ತಲೇ ಅವನು ಕಡೆಯ ನಗುವನ್ನು ತಾಲೀಮು ಮಾಡಿದ. ಎದುರು ಸೀಟಿನ ಹೆಂಗಸು ಸೆರಗು ಸರಿಮಾಡಿಕೊಂಡಳು.

ಬಾಗಿಲು ತೆರೆದಾಗ ಹಾಲಿನಲ್ಲಿ ಮೂವರು ಅಪರಿಚಿತ ಹೆಂಗಸರು ನಿಂತಿದ್ದರು. ಎದೆಯ ಮಟ್ಟದಿಂದ ಗಂಟೆಯಂತೆ ಅರಳಿದ ಲಂಗ, ಗಿಡ್ಡ ರವಿಕೆ, ಉದ್ದದ ಲಾಡಿ. ನಾಟಕದ ಬಟ್ಟೆಯಂಗಡಿಯಿಂದ ಬಾಡಿಗೆಗೆ ತಂದದ್ದು. ಅಲ್ಲಿಯ ಅರಮನೆಯಲ್ಲಿ ಓಡಾಡುವಾಗ ಎಡವಬಾರದು ಎಂದು ಮೊದಲೇ ರೂಢಿ ಮಾಡಿಕೊಳ್ಳುತ್ತಿದ್ದರು. ಅತ್ತೆಯ ಮುಖ ಹೊಸ ಬಣ್ಣದಲ್ಲಿ ನಿಜಕ್ಕೂ ಚೆನ್ನಾಗಿತ್ತು.

"ರಜ ಸಿಗಲಿಲ್ಲ," ಎಂದ ಅವನು, ಚಪ್ಪಲಿ ಬಿಡುತ್ತ.

"ಲಾಡಿ ಎಡಕ್ಕೆ ಬರ್ಬೇಕು ಅಮ್ಮಾ," ಎಂದಳು ಮಗಳು.

ಅವನು ಸದ್ದಿನ ಮಟ್ಟ ಏರಿಸಿದ. "ನನಗೆ ರಜ ಸಿಗಲಿಲ್ಲ."

"ರೀ, ಆ ಕನ್ನಡಿ ಸ್ವಲ್ಪ ಹಿಂದಕ್ಕೆ ಇಡಿ," ಎಂದಳು ಹೆಂಡತಿ.

ಕನ್ನಡಿ ಹಿಂದಕ್ಕಿಟ್ಟು ಇನ್ನೊಮ್ಮೆ ಹೇಳಿದ. ಈ ಸಲ ಕೇಳಿಸಿಕೊಂಡದ್ದು ಅತ್ತೆ. ಅವರ ಕಿವಿಯಲ್ಲಿದ್ದ ಯಂತ್ರವನ್ನು ಕೂರಿಸಿಕೊಟ್ಟವನು ಅವನೇ.

"ಅಳಿಯಂದಿರು ಬರಲ್ವಂತೆ ಕಣ್ರೇ," ಎಂದರು ಅವರು.

ಮೂವರೂ ಅವನ ಕಡೆ ತಿರುಗಿದರು.

"ಹೌದೇನ್ರೀ? ಛೆ," ಎಂದಳು ಹೆಂಡತಿ. ಆ ಛೆ ನಿಜವಾದದ್ದೇ. ಅವನು ಮುಂದಿನದಕ್ಕೆ ಕಾದ.

"ಹಾಗಾದ್ರೆ ಎರಡು ರೂಮು ಯಾಕೆ?" ಎಂದಳು ಮಗಳು. "ಮೂರು ಜನಾನೂ ಒಂದೇ ರೂಮಲ್ಲಿ ನೆಲದ ಮೇಲೆ ಹಾಸ್ಕೊಂಡು ಮಲಗ್ಬಹುದು. ಧಾರಾವಾಹಿ ಥರಾನೇ!"

"ಇವರ ಗೊರಕೆ ಇರಲ್ಲ," ಎಂದರು ಅತ್ತೆ. ಕಿವಿಯಂತ್ರ ಬಂದಮೇಲೆ ಅವರಿಗೆ ಅದೂ ಕೇಳಿಸುತ್ತಿತ್ತು.

"ಫೋಟೋ ಯಾರು ತೆಗೀತಾರೆ?" ಹೆಂಡತಿ ಗಾಬರಿಯಾದಳು.

ಅವನು ಮೆಲ್ಲಗೆ ತಲೆಯೆತ್ತಿದ.

"ಸ್ಟ್ಯಾಂಡ್ ಇದೆಯಲ್ಲ ಅಮ್ಮಾ. ಅಪ್ಪ ತೆಗೆದದ್ದೆಲ್ಲ ಅಲ್ಲಾಡಿರುತ್ತೆ. ಸ್ಟ್ಯಾಂಡ್ ಉಸಿರಾಡಲ್ಲ."

ಅಷ್ಟಕ್ಕೇ ಸಮಸ್ಯೆ ಮುಗಿಯಿತು. ಇಷ್ಟು ವರ್ಷ ತಾನು ಹಿಡಿದುಕೊಂಡಿದ್ದ ಜಾಗ ಮೂರು ಕಾಲಿನ ಒಂದು ಕಂಬಿಗೆ ಇಷ್ಟು ಸಲೀಸಾಗಿ ಹೋದದ್ದು ಕಂಡು ಅವನಿಗೆ ಅಳು ಬರಬೇಕಿತ್ತು, ನಗು ಬಂತು. ಬಸ್ಸಿನಲ್ಲಿ ತಾಲೀಮು ಮಾಡಿದ ನಗುವೇ.

"ನಾಳೆ ಡಾಕ್ಟರನ್ನ ಇನ್ನೊಂದ್ಸಲ ಕೇಳಿ ನೋಡ್ಲಾ?" ಎಂದ.

ಹೆಂಡತಿ ಹತ್ತಿರ ಬಂದು ಅವನ ತೋಳು ಮುಟ್ಟಿದಳು. ಎಷ್ಟೋ ದಿನವಾಗಿತ್ತು ಅವಳು ಹಾಗೆ ಮುಟ್ಟಿ. "ಬೇಡ ಬಿಡ್ರೀ. ನಮಗೋಸ್ಕರ ನೀವು ಯಾರ ಮುಂದೇನೂ ಹಲ್ಲು ಗಿಂಜೋದು ಬೇಡ. ನಾವು ಹೇಗೋ ನಿಭಾಯಿಸ್ತೀವಿ."

ಅವಳ ದನಿಯಲ್ಲಿ ಪ್ರೀತಿಯಿತ್ತು. ಈಗ ರಜ ಸಿಕ್ಕಿದೆ ಎಂದರೆ ಸುಳ್ಳು ಯಾಕೆ ಹೇಳಿದಿರಿ ಎನ್ನುತ್ತಾರೆ. ನಿಮ್ಮ ಕಿವಿ ಪರೀಕ್ಷಿಸುತ್ತಿದ್ದೆ ಎನ್ನಬೇಕಾಗುತ್ತದೆ. ನಮ್ಮ ಕಿವಿ ಚೆನ್ನಾಗೇ ಇದೆಯಲ್ಲ ಎನ್ನುತ್ತಾರೆ. ಅದೂ ನಿಜವೇ.

"ನಿನಗೇನು ತರ್ಲಿ ಅಪ್ಪಾ?" ಎಂದಳು ಮಗಳು.

"ಏನೂ ಬೇಡ."

"ಕಾಲುಚೀಲ ತರ್ತೀನಿ. ಅಲ್ಲಿ ಚೆನ್ನಾಗಿರುತ್ತಂತೆ."

ಆಮೇಲೆ ಕೈಗೊಂದು ದೀಪ ಕೊಟ್ಟು ಅವನನ್ನು ಬಾಲ್ಕನಿಗೆ ಕಳಿಸಿದರು. ಕೊನೆಯ ತಾಲೀಮನ್ನು ಬೆಳದಿಂಗಳಲ್ಲಿ ಚಿತ್ರಿಸಬೇಕಿತ್ತು. ದೀಪವನ್ನು ಒಳಗೆ ಹಿಡಿದರೆ ಅವನ ನೆರಳು ಬೀಳುತ್ತಿತ್ತು. ಧಾರಾವಾಹಿಯಲ್ಲಿ ಬೆಳದಿಂಗಳು ಬರುವುದೂ ಹೊರಗಿನಿಂದಲೇ. ಬೆಳಕು ಸರಿಯಾಗಿ ಬಿದ್ದಕೂಡಲೇ ಕೈ ಎತ್ತು, ನಾವು ಶುರು ಮಾಡ್ತೀವಿ ಎಂದು ಹೇಳಿ ಮಗಳು ಗಾಜಿನ ಬಾಗಿಲನ್ನು ಎಳೆದಳು. ರಸ್ತೆಯ ಗದ್ದಲ ಒಳಗೆ ಬರಬಾರದೆಂದು ಚಿಲಕವನ್ನೂ ಹಾಕಿದಳು. ಹೀಗೆ ಅವನು ಬೆಳದಿಂಗಳಾದ.

ಗಾಜಿನಾಚೆ ಮೂವರೂ ಸಾಲಾಗಿ ನಿಂತರು. ಎದುರಿಗೆ, ಹೋದ ವಾರ ಅವನು ಕೂತಿದ್ದ ದಿಂಬಿನ ಮೇಲೆ, ಸ್ಟ್ಯಾಂಡ್ ನಿಂತಿತ್ತು. ಅದರ ನೆತ್ತಿಯಲ್ಲಿ ಫೋನು. ಮಗಳು ಏನೋ ಹೇಳಿದಳು, ಹೆಂಡತಿ ನಕ್ಕಳು, ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಬಿದ್ದುಬಿದ್ದು ನಕ್ಕರು. ಒಂದು ಮಾತೂ ಕೇಳಿಸಲಿಲ್ಲ. ತನ್ನ ಗೊರಕೆಯ ವಿಷಯವೇ ಇರಬಹುದು. ಆಗಿದ್ದರೆ ಒಳ್ಳೆಯದಿತ್ತು.

"ರಜ ಸಿಕ್ಕಿದೆ," ಎಂದ ಅವನು.

ಗಾಜಿನ ಮೇಲೆ ಅವನ ಉಸಿರು ಬಿಳಿಯ ಕಲೆಯಾಗಿ ಕೂತಿತು. ಅದರೊಳಗೆ ಮೂವರೂ ಮಸುಕಾದರು. ಕಲೆ ಕರಗಿದಾಗ ಅವರು ಅವನನ್ನೇ ನೋಡುತ್ತಿದ್ದರು. ಮೂರೂ ಮುಖ, ಕಣ್ಣು ಮಿಟುಕಿಸದೆ, ಎಷ್ಟೋ ಆಸೆಯಿಂದ. ಏನೋ ಕೇಳುತ್ತಿದ್ದಾರೆ, ತನಗೇ ಕೇಳಿಸುತ್ತಿಲ್ಲ ಎಂದು ಅವನಿಗೆ ಅನ್ನಿಸಿತು. ದೀಪವನ್ನು ಎಡಗೈಗೆ ಬದಲಿಸಿಕೊಂಡು ಅವನು ಬಲಗೈ ಎತ್ತಿದ.

ಮೂವರೂ ಒಟ್ಟಿಗೆ ತಿರುಗಿ, ಮೊಣಕಾಲೂರಿ, ಹಣೆ ಕೈಗೆ ತಾಗುವಂತೆ ಸ್ಟ್ಯಾಂಡಿಗೆ ಬಾಗಿದರು. ಮೂರು ಬೈತಲೆ, ಒಂದೇ ಗೆರೆಯಲ್ಲಿ. ಈ ಸಲ ಯಾರೂ ಬಾಯಿ ಬಿಟ್ಟಿರಲಿಲ್ಲ. ಆದರೂ ಮಗಳು ತಲೆಯೆತ್ತಿ ಫೋನಿನ ಕಡೆ ನೋಡಿ, ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು.

ಏನೂ ಕೇಳಿಸುತ್ತಿರಲಿಲ್ಲ. ಅವನು ಮತ್ತೆ ಕೈ ಎತ್ತಿದ, ಈ ಸಲ ಇನ್ನೂ ಮೇಲಕ್ಕೆ.